ಮನೆಯಲ್ಲಿ ಸೈಕಲ್ ರಿಪೇರಿಗೆ ಯಾವ ಸ್ಟ್ಯಾಂಡು?



ಸೋನೆಪತ್, ಲೂಧಿಯಾನ, ಮದ್ರಾಸಿನ ಅಂಬತ್ತೂರು ಇಲ್ಲಿಯ ಕಾರ್ಖಾನೆಗಳಿಂದ ನಮ್ಮ ಊರುಗಳಿಗೆ ಬಂದ ಕರಿಯ ದೊಡ್ಡ ಸೈಕಲ್ಲುಗಳನ್ನು ನೀವು ಬಲ್ಲಿರಿ. ಹಾಲಿನವರು, ಅಂಚೆಯವರು, ಮೇಷ್ಟ್ರುಗಳು ತುಳಿದ ಸೈಕಲ್ಲು ಅದು. ಅದರ ಹಿಂದಿನ ಚಕ್ರದ ಅಚ್ಚಿಗೇ ಎರಡು ಕಾಲಿನ ಒಂದು ಕಬ್ಬಿಣದ ಸ್ಟ್ಯಾಂಡು ಜೋಡಿಸಿರುತ್ತಿತ್ತು. ಪಾದದಿಂದ ಅದನ್ನು ಒತ್ತಿ ಹಿಡಿದು, ಕ್ಯಾರಿಯರ್‌ಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೆ ಏಳುತ್ತಿತ್ತು. ಮನೆಯ ಮಕ್ಕಳು ಹತ್ತಿ ಕೂತು ನಿಂತಲ್ಲೇ ತುಳಿದು ಡೈನಮೋ ಉರಿಸಿ ನೋಡುತ್ತಿದ್ದರು. ದೊಡ್ಡವರು ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಸೈಕಲ್ ನಿಲ್ಲಿಸುವುದಕ್ಕೂ ರಿಪೇರಿ ಮಾಡುವುದಕ್ಕೂ ಅದೊಂದೇ ಸ್ಟ್ಯಾಂಡು ಸಾಕಾಗಿತ್ತು. ಪ್ರತ್ಯೇಕ ರಿಪೇರಿ ಸ್ಟ್ಯಾಂಡು ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಈಗ ಮನೆಮನೆಗೆ ಗೇರಿನ ಸೈಕಲ್ ಬಂದಿದೆ. ಅದಕ್ಕೆ ಒಂದು ಕಡೆಗೆ ವಾಲಿಸಿ ನಿಲ್ಲಿಸುವ ಸೈಡ್ ಸ್ಟ್ಯಾಂಡು ಇರುತ್ತದೆ, ಇಲ್ಲವೇ ಅದೂ ಇರುವುದಿಲ್ಲ. ಗೋಡೆಗೆ ಒರಗಿಸಿದರೆ ಎರಡೂ ಚಕ್ರ ನೆಲದ ಮೇಲೇ. ಎತ್ತಿ ನಿಲ್ಲಿಸುವ ಏರ್ಪಾಡು ಹೋಗಿರುವುದು, ಎತ್ತಿ ನಿಲ್ಲಿಸಲೇಬೇಕಾದ ಸೈಕಲ್ ಬಂದ ಕಾಲದಲ್ಲಿ. ಹೀಗಾಗಿ ಹತ್ತು ಇಪ್ಪತ್ತು ಸಾವಿರ ರೂಪಾಯಿಯ ಒಳ್ಳೆಯ ಸೈಕಲ್ಲುಗಳು ಸಣ್ಣಪುಟ್ಟ ಆರೈಕೆ ಇಲ್ಲದೆ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ನಿಂತಿವೆ. ಗೇರು ಸರಿಯಾಗಿ ಬೀಳುತ್ತಿಲ್ಲ, ಬ್ರೇಕು ಉಜ್ಜುತ್ತಿದೆ, ಚೈನು ಕಿರುಗುಡುತ್ತಿದೆ ಅನ್ನುವುದೇ ಕಾರಣ. ಈ ಮೂರೂ ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದ ಕೆಲಸ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ನಾಲ್ಕು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಒಂದು ಬಾಟಲಿ ಎಣ್ಣೆ, ಹಳೆಯ ಬಟ್ಟೆ, ಜೊತೆಗೆ ಸೈಕಲ್ಲನ್ನು ಎತ್ತಿ ಹಿಡಿಯುವ ಒಂದು ಸಾಧನ ಇದ್ದರೆ ಆಯಿತು. ಆ ಕೊನೆಯ ಸಾಧನವನ್ನು ಹೇಗೆ ಆರಿಸಿಕೊಳ್ಳಬೇಕು ಅನ್ನುವುದು ಇವತ್ತಿನ ಮಾತು.

ಎತ್ತುವುದು ಯಾಕೆ ಬೇಕು ಅನ್ನುವುದನ್ನು ಮೊದಲು ನೋಡೋಣ. ಹಿಂದಿನ ಚಕ್ರದ ಪಕ್ಕದಲ್ಲಿ ಹಲ್ಲುಚಕ್ರಗಳ ಒಂದು ಗೊಂಚಲಿದೆ. ಅದರ ಕೆಳಗೆ ಎರಡು ಪುಟ್ಟ ಗಾಲಿಗಳಿರುವ ಒಂದು ತೋಳು ಜೋತುಬಿದ್ದಿದೆ. ಅದನ್ನು ಡಿರೇಲರ್ ಅನ್ನುತ್ತಾರೆ. ನೀವು ಹ್ಯಾಂಡಲ್ ಹತ್ತಿರ ಗೇರು ಒತ್ತಿದಾಗ ಒಂದು ತೆಳ್ಳನೆಯ ಕೇಬಲ್ ಈ ತೋಳನ್ನು ಪಕ್ಕಕ್ಕೆ ಎಳೆಯುತ್ತದೆ, ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಕೇಬಲ್ ಹೊಸದರಲ್ಲಿ ಸ್ವಲ್ಪ ಸಡಿಲಾಗುತ್ತದೆ. ಕೇಬಲ್ ಸಡಿಲಾದರೆ ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡಮಾಡುತ್ತದೆ, ಟಕಟಕ ಸದ್ದು ಮಾಡುತ್ತದೆ. ಕೇಬಲ್ ತೋಳಿಗೆ ಸೇರುವ ಕಡೆ ಬೆರಳಿನಿಂದ ತಿರುಗಿಸುವ ಒಂದು ಪುಟ್ಟ ತಿರುಪು ಇದೆ. ಅದನ್ನು ಹೊರಮುಖವಾಗಿ, ಕಾಲು ಸುತ್ತಿನಷ್ಟು ತಿರುಗಿಸಿ, ಪೆಡಲ್ ಸುತ್ತಿ, ಗೇರು ಬದಲಿಸಿ ನೋಡಬೇಕು. ಸಾಲದಿದ್ದರೆ ಇನ್ನೂ ಕಾಲು ಸುತ್ತು. ಒಂದು ಹಂತದಲ್ಲಿ ಸದ್ದು ಪಟ್ಟನೆ ನಿಂತುಹೋಗುತ್ತದೆ. ಚೈನು ಎಣ್ಣೆಯಲ್ಲಿ ಜಾರಿದಷ್ಟು ಸಲೀಸಾಗಿ ಹತ್ತಿ ಇಳಿಯುತ್ತದೆ. ಒಮ್ಮೆ ಈ ಕೆಲಸ ಕೈಗೆ ಹತ್ತಿದವರು ಆಮೇಲೆ ಸೈಕಲ್ಲನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಮಾಡುವುದಿಲ್ಲ.

ಈಗ ಯೋಚಿಸಿ. ಒಂದು ಕೈ ಪೆಡಲ್ ಮೇಲಿರಬೇಕು, ಇನ್ನೊಂದು ಕೈ ಗೇರಿನ ಮೇಲೋ ತಿರುಪಿನ ಮೇಲೋ ಇರಬೇಕು, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿರಬೇಕು, ಕಣ್ಣು ಹಲ್ಲುಚಕ್ರದ ಮೇಲಿರಬೇಕು. ಗೋಡೆಗೆ ಒರಗಿಸಿದ ಸೈಕಲ್ಲಿನಲ್ಲಿ ಇದು ಆಗದ ಮಾತು. ಚಕ್ರದ ಬೆಂಡ್ ನೋಡುವುದಕ್ಕೂ ಇದೇ ಬೇಕು. ಚಕ್ರವನ್ನು ಸುಮ್ಮನೆ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನೇ ನೋಡುತ್ತಿದ್ದರೆ ರಿಮ್ಮು ಎಲ್ಲಿ ಹತ್ತಿರ ಬರುತ್ತದೆ, ಎಲ್ಲಿ ದೂರ ಹೋಗುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಸೈಕಲ್ಲನ್ನು ತಲೆಕೆಳಗಾಗಿ ಮಾಡಿದರೆ ಸಾಲದೆ ಎಂದು ಕೇಳುತ್ತೀರಿ. ಸೀಟು ಮತ್ತು ಹ್ಯಾಂಡಲ್ ಮೇಲೆ ಮಗುಚಿ ನಿಲ್ಲಿಸುವ ಆ ಪದ್ಧತಿ ರಸ್ತೆಯಲ್ಲಿ ಪಂಕ್ಚರ್ ಆದಾಗ ತಪ್ಪೇನಲ್ಲ. ಆದರೆ ಮನೆಯಲ್ಲಿ ನಿತ್ಯದ ರೂಢಿಯಾಗಿ ಅದು ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಸೀಟಿನ ಚರ್ಮ ಕೆರೆಯುತ್ತದೆ, ಬೆಲ್ಲು, ಲೈಟು, ಮೊಬೈಲ್ ಹೋಲ್ಡರ್ ನೆಲಕ್ಕೆ ಒತ್ತಿ ಮುರಿಯುತ್ತವೆ. ಗೇರಿನ ಗುಂಡಿಗಳು ಅಡಿಗೆ ಹೋಗಿ, ಬೇಕಾದಾಗ ಬಗ್ಗಿ ಹುಡುಕಬೇಕಾಗುತ್ತದೆ. ಆಯಿಲ್ ಬ್ರೇಕು, ಅಂದರೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಇದ್ದರೆ ಇನ್ನೊಂದು ತೊಡಕಿದೆ. ಲಿವರಿನ ಹತ್ತಿರದ ಪುಟ್ಟ ಎಣ್ಣೆ ತೊಟ್ಟಿಯಲ್ಲಿ ಸ್ವಲ್ಪ ಗಾಳಿ ಸೇರಿದ್ದರೆ ತಲೆಕೆಳಗಾದಾಗ ಅದು ಕೊಳವೆಯೊಳಕ್ಕೆ ನುಗ್ಗುತ್ತದೆ. ಸೈಕಲ್ಲನ್ನು ನೆಟ್ಟಗೆ ಮಾಡಿ ಬ್ರೇಕು ಹಿಡಿದರೆ ಲಿವರು ಹಿಡಿತವಿಲ್ಲದೆ ಹ್ಯಾಂಡಲ್ಲಿಗೆ ತಾಗುತ್ತದೆ. ಹೀಗೇನಾದರೂ ಆದರೆ ಲಿವರನ್ನು ಹಲವು ಸಲ ಒತ್ತಿ ಬಿಗಿತ ಮರಳಿತೇ ಎಂದು ನೋಡದೆ ರಸ್ತೆಗೆ ಇಳಿಯಬಾರದು.

ದುಡ್ಡು ಖರ್ಚಿಲ್ಲದ ದಾರಿ ಒಂದಿದೆ. ಹಳೆಯ ಸೈಕಲ್ ಅಂಗಡಿಗಳಲ್ಲಿ ತೊಲೆಯಿಂದ ಎರಡು ಸರಪಳಿ, ಅವುಗಳ ತುದಿಗೆ ಕೊಕ್ಕೆ ಇಳಿಬಿಟ್ಟಿರುವುದನ್ನು ನೋಡಿರುತ್ತೀರಿ. ಒಂದು ಕೊಕ್ಕೆ ಸೀಟಿನ ಅಡಿಗೆ, ಇನ್ನೊಂದು ಹ್ಯಾಂಡಲ್ಲಿಗೆ. ನಮ್ಮ ಬಹಳಷ್ಟು ಮನೆಗಳಲ್ಲಿ ತೊಟ್ಟಿಲು ಕಟ್ಟಲೆಂದೋ ಉಯ್ಯಾಲೆ ತೂಗಲೆಂದೋ ಛಾವಣಿಯಲ್ಲಿ ಕಬ್ಬಿಣದ ಕೊಂಡಿಗಳನ್ನು ಹುಗಿದಿರುತ್ತಾರೆ. ಗಟ್ಟಿ ಹತ್ತಿಹಗ್ಗ ಎರಡು ತಂದು ಆ ಕೊಂಡಿಗಳಿಗೆ ಕಟ್ಟಿ, ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ಲಿನ ನಡುಭಾಗಕ್ಕೆ ಸಿಕ್ಕಿಸಿದರೆ ಎರಡೂ ಚಕ್ರ ತಿರುಗುವ ಹಾಗೆ ಸೈಕಲ್ ತೂಗುತ್ತದೆ. ಚೈನು ತೊಳೆಯಲು, ಗೇರು ಸರಿಮಾಡಲು ಇಷ್ಟು ಸಾಕು. ಆದರೆ ತೂಗುವ ಸೈಕಲ್ಲು ಅತ್ತಿತ್ತ ಆಡುತ್ತದೆ. ಪಾನಾ ಹಾಕಿ ಬಲ ಬಿಡುವ ಕೆಲಸಕ್ಕೆ ಇದು ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ: ಕೊಂಡಿ ಆರ್‌ಸಿಸಿ ಛಾವಣಿಯ ಒಳಗಿನ ಸರಳಿಗೆ ಸೇರಿದ್ದಿರಬೇಕು, ಇಲ್ಲವೇ ಮರದ ತೊಲೆಗೆ ಹೊಡೆದದ್ದಿರಬೇಕು. ಅಂದಕ್ಕೆಂದು ಪಿಒಪಿ ಹಲಗೆಯಲ್ಲಿ ಮಾಡಿಸಿದ ಸುಳ್ಳು ಛಾವಣಿಗೆ ಏನನ್ನೂ ತೂಗುಹಾಕಬೇಡಿ.

ಇನ್ನು ಕೊಂಡು ತರುವ ಸ್ಟ್ಯಾಂಡುಗಳು. ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಹಿಂದಿನ ಚಕ್ರವನ್ನು ಮಾತ್ರ ಎತ್ತುವ ಸ್ಟ್ಯಾಂಡು. ಅಂಗಡಿಗಳಲ್ಲಿ ಹೊಸ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಲು ಇದನ್ನೇ ಬಳಸುತ್ತಾರೆ. ಮಡಚಿದರೆ ಬಾಗಿಲ ಹಿಂದೆ ಇಡಬಹುದು. ಬೆಲೆಯೂ ಕೈಗೆ ಎಟಕುವಂಥದು. ಇದರಲ್ಲಿ ಎರಡು ಬಗೆ. ಒಂದು ಬಗೆ ಹಿಂದಿನ ಚಕ್ರದ ಅಚ್ಚಿನ ಎರಡು ತುದಿಗಳನ್ನು ಹಿಡಿದು ಎತ್ತುತ್ತದೆ. ಇನ್ನೊಂದು ಬಗೆ ಚಕ್ರದ ಎಡಮಗ್ಗುಲಲ್ಲಿ ನಿಂತು, ಚಕ್ರಕ್ಕೆ ಹೋಗುವ ಫ್ರೇಮಿನ ಮೇಲಿನ ಕಡ್ಡಿ ಮತ್ತು ಕೆಳಗಿನ ಕಡ್ಡಿ ಎರಡಕ್ಕೂ ರಬ್ಬರ್ ಸುತ್ತಿದ ಕೊಕ್ಕೆ ಹಾಕಿ ಎತ್ತುತ್ತದೆ.

ಇಲ್ಲಿ ಸೈಕಲ್ಲನ್ನು ಬಗ್ಗಿ ನೋಡಿ ತೀರ್ಮಾನಿಸಬೇಕು. ನಿಮ್ಮ ಹಿಂದಿನ ಚಕ್ರ ನಟ್ಟಿನಿಂದಲೋ ಕ್ವಿಕ್ ರಿಲೀಸ್ ಲಿವರಿನಿಂದಲೋ ಕೂತಿದ್ದರೆ ಅಚ್ಚಿನ ತುದಿಗಳು ಹೊರಗೆ ಚಾಚಿರುತ್ತವೆ, ಮೊದಲ ಬಗೆಯ ಸ್ಟ್ಯಾಂಡು ಅವನ್ನು ಹಿಡಿಯುತ್ತದೆ. ಈಚಿನ ದುಬಾರಿ ಸೈಕಲ್ಲುಗಳಲ್ಲಿ ಥ್ರೂ ಆಕ್ಸಲ್ ಇದೆ. 12 ಮಿಲಿಮೀಟರ್ ದಪ್ಪದ ಅಚ್ಚು ಫ್ರೇಮಿನೊಳಗೇ ತಿರುಪಿಕೊಂಡು ಮಟ್ಟಸವಾಗಿ ಕೂತುಬಿಡುತ್ತದೆ. ಹೊರಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಅಂಥ ಸೈಕಲ್ಲಿಗೆ ಎರಡನೆಯ ಬಗೆಯೇ ಗತಿ. ಡಿಸ್ಕ್ ಬ್ರೇಕಿದ್ದರೆ ಎಡಮಗ್ಗುಲಿನಲ್ಲೇ ಡಿಸ್ಕೂ ಅದನ್ನು ಹಿಡಿಯುವ ಕ್ಯಾಲಿಪರೂ ಇರುತ್ತವೆ. ಸ್ಟ್ಯಾಂಡಿನ ಕೊಕ್ಕೆ ಡಿಸ್ಕಿಗೆ ತಾಗಿ ಅದು ಸ್ವಲ್ಪ ಬಾಗಿದರೂ ಮುಂದೆ ಪ್ರತಿ ಸುತ್ತಿಗೂ ಉಜ್ಜುವ ಸದ್ದು ಶುರುವಾಗುತ್ತದೆ. ಚಕ್ರದ ಅಳತೆಗೆ ತಕ್ಕ ಹಾಗೆ ಎತ್ತರ ಏರಿಸಿ ಇಳಿಸಲು ಬರುತ್ತದೆಯೇ ಎಂದೂ ನೋಡಿ. ಮಗುವಿನ 20 ಇಂಚಿನ ಚಕ್ರಕ್ಕೂ ದೊಡ್ಡವರ 29 ಇಂಚಿನ ಚಕ್ರಕ್ಕೂ ಒಂದೇ ಎತ್ತರ ಸಾಲದು.

ಈ ಚಿಕ್ಕ ಸ್ಟ್ಯಾಂಡಿಗೆ ಮಿತಿಗಳಿವೆ. ಹಿಂದಿನ ಚಕ್ರ ಬಿಚ್ಚಲು ಬರುವುದಿಲ್ಲ, ಮುಂದಿನ ಚಕ್ರ ನೆಲದಲ್ಲೇ ಇರುತ್ತದೆ, ಕೆಲಸ ಮಾಡುವವರು ಕುಕ್ಕರಗಾಲಿನಲ್ಲೋ ಮಣೆಯ ಮೇಲೋ ಕೂರಬೇಕು. ಮಂಡಿ ಗಟ್ಟಿ ಇರುವವರಿಗೆ ಇದು ತೊಂದರೆಯೇ ಅಲ್ಲ. ಮನೆಯಲ್ಲಿ ಒಂದೇ ಸೈಕಲ್ಲಿದ್ದು, ಚೈನಿಗೆ ಎಣ್ಣೆ, ಗೇರು, ಬ್ರೇಕು, ತೊಳೆಯುವುದು ಇಷ್ಟೇ ಕೆಲಸವಾದರೆ ಇದಕ್ಕಿಂತ ಹೆಚ್ಚಿನದು ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮೊದಲ ಸ್ಟ್ಯಾಂಡು ಇದೇ ಆಗಲಿ.

ಬೆನ್ನು ಬಗ್ಗದವರ ಮಾತು ಬೇರೆ, ಮನೆಯಲ್ಲಿ ಮೂರು ನಾಲ್ಕು ಸೈಕಲ್ಲಿದ್ದು ಚಕ್ರ ಬಿಚ್ಚಿ, ಓವರ್‌ಹಾಲಿಂಗ್ ಮಾಡುವ ಹುಮ್ಮಸ್ಸು ಇರುವವರ ಮಾತೂ ಬೇರೆ. ಅವರಿಗೆ ಬೇಕಾದದ್ದು ಸೈಕಲ್ಲನ್ನು ಎದೆಯೆತ್ತರಕ್ಕೆ ಎತ್ತಿ, ದವಡೆಯಿಂದ ಕಚ್ಚಿ ಹಿಡಿಯುವ ಕ್ಲಾಂಪ್ ಸ್ಟ್ಯಾಂಡು. ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ, ಹೇಜಲ್ ಪಾರ್ಕ್ ಎನ್ನುವ ಬಡಾವಣೆಯಲ್ಲಿ, ಹೊವಾರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಎಂಬ ಇಬ್ಬರು ಒಂದು ರಿಪೇರಿ ಅಂಗಡಿ ನಡೆಸುತ್ತಿದ್ದರು. ಬಗ್ಗಿ ಬಗ್ಗಿ ಸೈಕಲ್ ರಿಪೇರಿ ಮಾಡಿ ಸಾಕಾಗಿ ಅವರು ತಮ್ಮ ಬಳಕೆಗೆಂದೇ ಒಂದು ಸ್ಟ್ಯಾಂಡು ಕಟ್ಟಿಕೊಂಡರು. 1963ರಲ್ಲಿ ಅದರಿಂದಲೇ ಪಾರ್ಕ್ ಟೂಲ್ ಎಂಬ ಕಂಪನಿ ಹುಟ್ಟಿತು. ಬಡಾವಣೆಯ ಹೆಸರೇ ಕಂಪನಿಯ ಹೆಸರಾಯಿತು. ಇವತ್ತು ಜಗತ್ತಿನ ಸೈಕಲ್ ಅಂಗಡಿಗಳಲ್ಲಿ ಅವರ ನೀಲಿ ಬಣ್ಣದ ಹತ್ಯಾರುಗಳು ಕಾಣಸಿಗುತ್ತವೆ. ಕೆಲಸ ಮಾಡುವವರ ಬೆನ್ನುನೋವಿನಿಂದ ಹುಟ್ಟಿದ ಸಾಧನ ಇದು ಅನ್ನುವುದನ್ನು ಮರೆಯಬಾರದು. ಕೊಳ್ಳುವಾಗ ನಿಮ್ಮ ಬೆನ್ನನ್ನೇ ಅಳತೆಗೋಲು ಮಾಡಿಕೊಳ್ಳಿ. ಸೈಕಲ್ ಏರಿಸಿದ ಮೇಲೆ ಪೆಡಲ್ಲು ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಅಲ್ಲಿಯವರೆಗೆ ಏರದ ಸ್ಟ್ಯಾಂಡು ಎಷ್ಟು ಗಟ್ಟಿಯಿದ್ದರೂ ನಿಮಗೆ ಸಲ್ಲದು.

ಕ್ಲಾಂಪ್ ಸ್ಟ್ಯಾಂಡಿನ ವಿಚಾರದಲ್ಲಿ ಜನ ಮೊದಲು ಕೇಳುವುದು ಬೆಲೆ. ಕೇಳಬೇಕಾದದ್ದು ಬೇರೆ: ದವಡೆ ನನ್ನ ಸೈಕಲ್ಲನ್ನು ಎಲ್ಲಿ ಕಚ್ಚಬೇಕು? ಹಳೆಯ ಉಕ್ಕಿನ ಸೈಕಲ್ಲಿನ ಬಾರನ್ನು ದವಡೆಯಲ್ಲಿ ಹಿಡಿದರೆ ಹೆಚ್ಚೆಂದರೆ ಬಣ್ಣ ಹೋಗುತ್ತದೆ. ಈಗಿನ ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳು ನೋಡಲು ದಪ್ಪಗಿದ್ದರೂ ಗೋಡೆ ತೆಳು. ಒಳ್ಳೆಯ ಫ್ರೇಮುಗಳಲ್ಲಿ ಕೊಳವೆಯ ನಡುಭಾಗದ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ದವಡೆ ಬಿಗಿದರೆ ನೆಗ್ಗುತ್ತದೆ. ಕಾರ್ಬನ್ ಫ್ರೇಮಂತೂ ಹೊರಗೆ ಏನೂ ಕಾಣದ ಹಾಗೆ ಒಳಗೆ ಬಿರುಕು ಬಿಡಬಹುದು. ತುಳಿಯುವಾಗ ಬರುವ ಬಲವನ್ನು ತಡೆಯುವಂತೆ ಆ ಕೊಳವೆಗಳನ್ನು ಮಾಡಿರುತ್ತಾರೆಯೇ ಹೊರತು ಎರಡು ಕಡೆಯಿಂದ ಹಿಸುಕುವ ಬಲಕ್ಕಲ್ಲ. ಹಾಗಾಗಿ ನಿಯಮ ಒಂದೇ: ಫ್ರೇಮನ್ನು ಹಿಡಿಯಬೇಡಿ, ಸೀಟಿನ ಕೆಳಗಿನ ಸೀಟ್ ಪೋಸ್ಟನ್ನು ಹಿಡಿಯಿರಿ.

ಇಷ್ಟು ಹೇಳಿದರೆ ಮುಗಿಯಲಿಲ್ಲ. ದವಡೆಯ ಅಗಲ ಸುಮಾರು ನಾಲ್ಕು ಬೆರಳಿನಷ್ಟು ಇರುತ್ತದೆ. ಸೀಟಿಗೂ ಫ್ರೇಮಿಗೂ ನಡುವೆ ಅಷ್ಟು ಪೋಸ್ಟ್ ಹೊರಗೆ ಕಾಣಬೇಕು. ಗಿಡ್ಡ ಇರುವವರ ಸೈಕಲ್ಲಿನಲ್ಲಿ, ಮಕ್ಕಳ ಸೈಕಲ್ಲಿನಲ್ಲಿ ಸೀಟು ಫ್ರೇಮಿಗೆ ತಾಗುವಂತೆ ಇಳಿದಿರುತ್ತದೆ. ಆಗ ಪೋಸ್ಟಿನ ಮೇಲೆ ಇನ್ಸುಲೇಷನ್ ಟೇಪಿನಿಂದ ಗುರುತು ಮಾಡಿ, ಸಡಿಲಿಸಿ, ಮೇಲಕ್ಕೆ ಎಳೆದು, ಬಿಗಿದು, ಆಮೇಲೆ ಏರಿಸಬೇಕು. ಪೋಸ್ಟಿನ ಮೇಲೆ ಕೆತ್ತಿರುವ ಗೆರೆ ದಾಟುವಂತೆ ಎಳೆಯಬಾರದು. ಕೆಲಸ ಮುಗಿದ ಮೇಲೆ ಟೇಪಿನ ಗುರುತಿಗೆ ವಾಪಸ್ ಇಳಿಸಬೇಕು. ಸೀಟಿನ ಕೆಳಗೆ ಚೀಲ, ಹಿಂದಿನ ಲೈಟು ಇದ್ದರೆ ಬಿಚ್ಚಬೇಕು. ಗುಂಡಿಯೊತ್ತಿದರೆ ಏರಿಳಿಯುವ ಡ್ರಾಪರ್ ಪೋಸ್ಟ್ ಇದ್ದರೆ ಅದರ ನುಣುಪಾದ ಒಳಕೊಳವೆಯನ್ನು ಹಿಡಿಯಲೇಬಾರದು. ಅದರ ಮೇಲೆ ಒಂದು ಗೀರು ಬಿದ್ದರೆ ಒಳಗಿನ ಸೀಲು ಹಾಳು. ಮುಂಗಾಣಿಕೆಯುಳ್ಳ ಕೆಲವರು ಬೇಡವಾದ ಅಲ್ಯೂಮಿನಿಯಂ ಪೋಸ್ಟೊಂದನ್ನು ಅದೇ ಅಳತೆಯದು ಎಂದು ಖಾತರಿ ಮಾಡಿಕೊಂಡು ಎತ್ತಿಟ್ಟಿರುತ್ತಾರೆ. ರಿಪೇರಿಯ ದಿನ ಕಾರ್ಬನ್ ಪೋಸ್ಟ್ ತೆಗೆದು ಇದನ್ನು ಹಾಕುತ್ತಾರೆ. 27.2, 30.9, 31.6 ಮಿಲಿಮೀಟರ್ ಇವು ಹೆಚ್ಚಾಗಿ ಸಿಗುವ ಅಳತೆಗಳು. ಪೋಸ್ಟಿನ ಅಡಿಯಲ್ಲೇ ಅಳತೆ ಒತ್ತಿರುತ್ತದೆ.

ದವಡೆಯ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿ. ಮೆತ್ತಗೂ ಇರಬೇಕು, ಜಾರಲೂಬಾರದು. ಮಳೆಗಾಲದಲ್ಲಿ ಓಡಾಡಿದ ಸೈಕಲ್ಲಿನ ಪೋಸ್ಟಿನ ಮೇಲೆ ಕಣ್ಣಿಗೆ ಕಾಣದ ಮರಳು ಅಂಟಿಕೊಂಡಿರುತ್ತದೆ. ಹಾಗೇ ದವಡೆಗೆ ಕೊಟ್ಟು ಸ್ವಲ್ಪ ತಿರುಗಿಸಿದರೆ ಸಾಕು, ಉಂಗುರದ ಹಾಗೆ ಗೀರುಗಳು ಮೂಡುತ್ತವೆ. ಪೋಸ್ಟನ್ನೂ ರಬ್ಬರನ್ನೂ ಒರೆಸಿಯೇ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ರಬ್ಬರು ಸವೆದ ಮೇಲೆ ಬೇರೆ ರಬ್ಬರು ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಸಿಗುವುದಿಲ್ಲವೆಂದರೆ ಆ ಸ್ಟ್ಯಾಂಡಿನ ಆಯುಸ್ಸು ರಬ್ಬರಿನ ಆಯುಸ್ಸಿನಷ್ಟೇ.

ದವಡೆ ಬಿಗಿಯಲು ಎರಡು ಏರ್ಪಾಡುಗಳಿವೆ: ತಿರುಪು ಸುತ್ತಿ ಬಿಗಿಯುವುದು, ಲಿವರು ಮಡಚಿ ಒಮ್ಮೆಗೇ ಕಚ್ಚಿಸುವುದು. ದಿನಕ್ಕೆ ಇಪ್ಪತ್ತು ಸೈಕಲ್ ಏರಿಸುವ ಅಂಗಡಿಗೆ ಲಿವರು ಬೇಕು. ಮನೆಗೆ ತಿರುಪೇ ಮೇಲು. ಎಷ್ಟು ಬಿಗಿಯುತ್ತಿದ್ದೇವೆ ಎಂದು ಕೈಗೆ ತಿಳಿಯುತ್ತ ಹೋಗುತ್ತದೆ.

ಕಾಲುಗಳ ವಿಷಯಕ್ಕೆ ಬರೋಣ. ಮೂರು ಕಾಲಿನ ಸ್ಟ್ಯಾಂಡು ನೆಲ ಏರುಪೇರಾಗಿದ್ದರೂ ಕುಂಟುವುದಿಲ್ಲ, ಮೂರು ಗುಂಡಿನ ಒಲೆಯ ಹಾಗೆ ಎಲ್ಲಿಟ್ಟರೂ ಕೂರುತ್ತದೆ. ಆದರೆ ಕೂರುವುದು ಬೇರೆ, ಭಾರ ಹೊತ್ತು ಬೀಳದಿರುವುದು ಬೇರೆ. ಸೈಕಲ್ಲು ಕಂಬದ ನೆತ್ತಿಯ ಮೇಲೆ ಇರುವುದಿಲ್ಲ, ದವಡೆಯ ತೋಳಿನ ತುದಿಯಲ್ಲಿ ಪಕ್ಕಕ್ಕೆ ಇರುತ್ತದೆ. ಆದ್ದರಿಂದ ತೋಳು ಯಾವ ಕಡೆಗೆ ಚಾಚಿದೆಯೋ ಅದೇ ಕಡೆಗೆ ಒಂದು ಕಾಲು ನೇರವಾಗಿ ಚಾಚಿರಬೇಕು. ತೋಳು ಎರಡು ಕಾಲುಗಳ ನಡುವಿನ ಖಾಲಿ ಜಾಗದ ಮೇಲೆ ಬಂದರೆ ಕೈ ಸ್ವಲ್ಪ ತಾಗಿದರೂ ಇಡೀ ಸೈಕಲ್ಲು ಮಗುಚಿಕೊಳ್ಳುತ್ತದೆ. ಎರಡೇ ಕಾಲಿನ ಸ್ಟ್ಯಾಂಡುಗಳಲ್ಲಿ ಎರಡೂ ಕಾಲು ಮುಂದಕ್ಕೆ ಅಗಲವಾಗಿ ಚಾಚಿ, ಸೈಕಲ್ಲಿನ ಭಾರ ಅವುಗಳ ನಡುವೆ ಬೀಳುವಂತೆ ಮಾಡಿರುತ್ತಾರೆ. ಅವು ಹೆಚ್ಚು ಭದ್ರ, ಆದರೆ ಜಾಗ ಹೆಚ್ಚು ಹಿಡಿಯುತ್ತವೆ. ನುಣುಪಾದ ಟೈಲ್ಸ್ ನೆಲದಲ್ಲಿ ಕಾಲಿನ ತುದಿಗೆ ರಬ್ಬರಿನ ಟೊಪ್ಪಿ ಇರಲೇಬೇಕು.

ದವಡೆಯಿರುವ ತಲೆ ತಿರುಗುವ ಸ್ಟ್ಯಾಂಡಾದರೆ ಸೈಕಲ್ಲನ್ನು ಮೂತಿ ಮೇಲೆ ಮಾಡಿ, ಕೆಳಗೆ ಮಾಡಿ ಹಿಡಿಯಬಹುದು. ಆಯಿಲ್ ಬ್ರೇಕಿನ ಗಾಳಿ ತೆಗೆಯುವಾಗ ಇದು ಬಹಳ ಉಪಯೋಗ. ತಲೆಯನ್ನು ಹಿಡಿದಿಡುವುದು ಬರೀ ಘರ್ಷಣೆಯೋ, ಹಲ್ಲಿಗೆ ಹಲ್ಲು ಕೂತಿದೆಯೋ ಎಂದು ನೋಡಿಕೊಳ್ಳಿ. ಭಾರದ ಸೈಕಲ್ಲಿಗೆ ಹಲ್ಲಿನದೇ ಒಳ್ಳೆಯದು. ಅಲ್ಲಲ್ಲಿ ಪ್ಲಾಸ್ಟಿಕ್ ಇರುತ್ತದೆ. ಹಿಡಿಕೆಗೆ ಪ್ಲಾಸ್ಟಿಕ್ ಇದ್ದರೆ ಚಿಂತೆಯಿಲ್ಲ. ತೋಳು ಕಂಬಕ್ಕೆ ಸೇರುವ ಕೀಲು ಪ್ಲಾಸ್ಟಿಕ್ಕಿನದಾದರೆ ಆ ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ಬನ್ನಿ.

ತೂಕ. ರೇಸಿನ ಸೈಕಲ್ಲು ಎಂಟೊಂಬತ್ತು ಕಿಲೋ, ಸಾಮಾನ್ಯ ಗೇರಿನ ಸೈಕಲ್ಲು 15 ಕಿಲೋ ಆಸುಪಾಸು, ನಮ್ಮ ಕರಿಯ ದೊಡ್ಡ ಸೈಕಲ್ಲು 20 ಕಿಲೋ ದಾಟುತ್ತದೆ, ಬ್ಯಾಟರಿಯ ಸೈಕಲ್ಲು ಅದಕ್ಕಿಂತಲೂ ಹೆಚ್ಚಾಗಬಹುದು. ಸ್ಟ್ಯಾಂಡಿನ ಡಬ್ಬಿಯ ಮೇಲೆ ಬರೆದ ತೂಕ ನಿಮ್ಮ ಸೈಕಲ್ಲಿನದಕ್ಕೆ ಸರಿಸಮವಾಗಿದ್ದರೆ ಸಾಲದು, ಧಾರಾಳ ಮಿಗಬೇಕು. ನಾವು ಪಾನಾ ಹಾಕಿ ಒತ್ತುವ ಬಲವೂ ಅದರ ಮೇಲೇ ಬೀಳುತ್ತದಲ್ಲ. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿ ಬಿಚ್ಚಿಟ್ಟು ಏರಿಸಿ. ಇಷ್ಟು ಭಾರವನ್ನು ಎದೆಯೆತ್ತರಕ್ಕೆ ಎತ್ತುವವರು ಯಾರು ಅನ್ನುವ ಪ್ರಶ್ನೆಯೂ ಇದೆ. ವಯಸ್ಸಾದವರು ಒಬ್ಬರೇ ಎತ್ತುವ ಸಾಹಸ ಮಾಡಬಾರದು. ದವಡೆಯನ್ನು ಆದಷ್ಟು ಕೆಳಗೆ ಇಳಿಸಿಟ್ಟು, ಸೈಕಲ್ಲನ್ನು ಕಚ್ಚಿಸಿ, ಇನ್ನೊಬ್ಬರು ಕಂಬ ಹಿಡಿದಾಗ ಮೇಲಕ್ಕೆ ಏರಿಸಬೇಕು. ಏರಿದ ಮೇಲೆ ಮುಂದಿನ ಚಕ್ರ ತನ್ನಷ್ಟಕ್ಕೆ ತಿರುಗಿ ಮುಖಕ್ಕೆ ಬಡಿಯದಂತೆ ಒಂದು ಬಟ್ಟೆಪಟ್ಟಿಯಿಂದ ಫ್ರೇಮಿಗೆ ಕಟ್ಟಿ.

ಎಲ್ಲ ಕೆಲಸವನ್ನೂ ಸ್ಟ್ಯಾಂಡಿನ ಮೇಲೇ ಮಾಡಬೇಕೆಂದಿಲ್ಲ. ಪೆಡಲ್ ಬಿಚ್ಚುವುದಕ್ಕೆ ಸೈಕಲ್ಲು ನೆಲದಲ್ಲೇ ಇರಲಿ. 15 ಮಿಲಿಮೀಟರ್ ಪಾನಾದ ಉದ್ದ ಹಿಡಿಯ ಮೇಲೆ ಮೈಭಾರ ಬಿಡಬೇಕಾಗುತ್ತದೆ, ಆ ಬಲಕ್ಕೆ ಸ್ಟ್ಯಾಂಡು ಮಗುಚುತ್ತದೆ. ಬಲಗಡೆಯ ಪೆಡಲ್ಲು ಎಲ್ಲ ತಿರುಪಿನಂತೆ ಬಿಚ್ಚುತ್ತದೆ, ಎಡಗಡೆಯದು ಉಲ್ಟಾ ಎಂಬುದು ನೆನಪಿರಲಿ. ಹಳೆಯ ಸೈಕಲ್ಲಿನ ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ಹೊಡೆಯುವುದೂ ನೆಲದ ಕೆಲಸವೇ. ಕ್ರ್ಯಾಂಕಿನ ಅಡಿಗೆ ಗಟ್ಟಿಯಾದ ಆಸರೆ ಕೊಟ್ಟೇ ಸುತ್ತಿಗೆ ಎತ್ತಬೇಕು. ಚಕ್ರ ಬಿಚ್ಚಿ ಸ್ಟ್ಯಾಂಡಿನ ಮೇಲೆ ಬಿಟ್ಟ ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಯಾರಾದರೂ ಮರೆತು ಬ್ರೇಕು ಹಿಡಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಕ್ಕಳಿರುವ ಮನೆಯಲ್ಲಿ ಆ ಸಂದಿಗೆ ಒಂದು ರಟ್ಟಿನ ತುಂಡು ಸಿಕ್ಕಿಸಿಡಿ.

ಮೂರನೆಯದು ರೇಸಿನವರ ಸ್ಟ್ಯಾಂಡು. ಇದು ಯಾವ ಕೊಳವೆಯನ್ನೂ ಕಚ್ಚುವುದಿಲ್ಲ. ಒಂದು ಚಕ್ರ ಬಿಚ್ಚಿ ಮುಂದಿನ ಫೋರ್ಕನ್ನೋ ಹಿಂದಿನ ತುದಿಯನ್ನೋ ಅದಕ್ಕೆ ಸಿಕ್ಕಿಸಿ, ಪೆಡಲ್ ಅಚ್ಚಿನ ಡಬ್ಬಿಯನ್ನು ರಬ್ಬರಿನ ತೊಟ್ಟಿಯ ಮೇಲೆ ಕೂರಿಸಬೇಕು. ಅಷ್ಟೇ. ಸೈಕಲ್ಲು ಬಂಡೆಯಂತೆ ನಿಲ್ಲುತ್ತದೆ. ಕಾರ್ಬನ್ ಸೈಕಲ್ಲಿಗೆ ಇದರಷ್ಟು ಸುರಕ್ಷಿತವಾದದ್ದು ಬೇರಿಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಸೈಕಲ್ ರೇಸಿನ ಪರಂಪರೆಯೇ ಇದೆ. ಅಲ್ಲಿ ಮಕ್ಕಳನ್ನು ತಯಾರು ಮಾಡುವವರು, ಬೆಂಗಳೂರಿನಲ್ಲಿ ದುಬಾರಿ ರೋಡ್ ಬೈಕು ಇಟ್ಟುಕೊಂಡವರು ಇದನ್ನು ನೋಡಬೇಕು. ಕೊಳ್ಳುವ ಮುಂಚೆ ಎರಡು ವಿಷಯ: ನಿಮ್ಮ ಅಚ್ಚು ಕ್ವಿಕ್ ರಿಲೀಸೋ ಥ್ರೂ ಆಕ್ಸಲ್ಲೋ, ಅದಕ್ಕೆ ಹೊಂದುವ ಅಡಾಪ್ಟರ್ ಡಬ್ಬಿಯಲ್ಲೇ ಇದೆಯೋ ಎಂದು ನೋಡಿ. ಗೇರಿನ ಕೇಬಲ್ಲುಗಳು ಪೆಡಲ್ ಡಬ್ಬಿಯ ತಳದಲ್ಲಿ ಹಾದುಹೋಗಿದ್ದರೆ ತೊಟ್ಟಿ ಅವುಗಳನ್ನು ಅದುಮುತ್ತದೆಯೋ ಎಂದೂ ನೋಡಿ. ಅದುಮಿದರೆ ಸ್ಟ್ಯಾಂಡಿನ ಮೇಲೆ ಸರಿಮಾಡಿದ ಗೇರು ಕೆಳಗಿಳಿಸಿದ ಕೂಡಲೇ ತಪ್ಪುತ್ತದೆ. ಸಾಧಾರಣ ಮನೆಗೆ ಈ ಸ್ಟ್ಯಾಂಡು ಬೇಕಿಲ್ಲ.

ಕೊಳ್ಳುವ ಬದಲು ಮಾಡಿಸಬಹುದೇ? ಖಂಡಿತ. ಊರಿನ ವೆಲ್ಡಿಂಗ್ ಶಾಪಿನವರಿಗೆ ಚಿತ್ರ ಬರೆದು ತೋರಿಸಿದರೆ ಮಾಡಿಕೊಡುತ್ತಾರೆ. ಒಂದೂವರೆ ಅಡಿ ಚದರದ, 10 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಅಡಿಪಾಯವಾದರೆ ಅದೊಂದೇ 16 ಕಿಲೋಗೂ ಹೆಚ್ಚು ತೂಗುತ್ತದೆ. ಅದರ ನಡುವೆ ಕಂಬ ನಿಲ್ಲಿಸಬೇಡಿ. ಒಂದು ಅಂಚಿನಲ್ಲಿ ನಿಲ್ಲಿಸಿ, ತೋಳು ತಗಡಿನ ಮೇಲೆ ಚಾಚುವಂತೆ ಬೆಸೆಯಿಸಿ, ಆಗ ಸೈಕಲ್ಲಿನ ಭಾರ ತಗಡಿನ ಮೇಲೇ ಬೀಳುತ್ತದೆ. ದವಡೆ ಮಾಡಿಸುವುದು ಕಷ್ಟ. ಅದರ ಬದಲು ತೋಳಿನ ತುದಿಗೆ ದಪ್ಪ ರಬ್ಬರ್ ಹೊದಿಸಿದ ಎರಡು ಕೊಕ್ಕೆ ಮಾಡಿಸಿ, ಸೀಟಿನ ಮೂತಿಯನ್ನು ಅವುಗಳ ಮೇಲೆ ನೇತುಹಾಕಬಹುದು. ಹಿಸುಕುವ ಮಾತೇ ಇಲ್ಲ. ಹಳ್ಳಿಯ ಕಡೆ, ಅಂಗಳವಿರುವ ಮನೆಗೆ ಇದು ಚೆನ್ನಾಗಿ ಒದಗುತ್ತದೆ. ಮೂರನೆಯ ಮಹಡಿಯ ಫ್ಲ್ಯಾಟಿಗೆ ಇಷ್ಟು ಕಬ್ಬಿಣ ಹೊತ್ತು ಹತ್ತುವುದು ಬೇಡ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಲಕ್ಷಾಂತರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಮೈಲುಗಟ್ಟಲೆ ನಡೆಯುವುದು ತಪ್ಪಿ ಶಾಲೆಗೆ ತುಳಿದುಕೊಂಡು ಹೋದರು. ಆ ಸೈಕಲ್ಲುಗಳಲ್ಲಿ ಎಷ್ಟೋ ಒಂದು ಸಡಿಲ ನಟ್ಟಿಗೆ, ಒಣಗಿದ ಚೈನಿಗೆ ಮೂಲೆ ಸೇರಿದವು. ಒಂದು ಶಾಲೆಗೆ ಒಂದೇ ಒಂದು ಸ್ಟ್ಯಾಂಡು, ಒಂದು ಡಬ್ಬಿ ಹತ್ಯಾರು, ಅದನ್ನು ಬಳಸಲು ಕಲಿಸಿಕೊಡುವ ಒಬ್ಬ ಸೈಕಲ್ ಮೇಸ್ತ್ರಿ ತಿಂಗಳಿಗೊಮ್ಮೆ ಬಂದರೆ ಮಕ್ಕಳೇ ತಮ್ಮ ಸೈಕಲ್ಲನ್ನು ನೋಡಿಕೊಳ್ಳುತ್ತಾರೆ. ಹದಿಮೂರು ವರ್ಷದ ಹುಡುಗಿಗೆ ಚೈನು ಹಾಕುವುದು, ಬ್ರೇಕು ಬಿಗಿಯುವುದು ಖಂಡಿತ ಬರುತ್ತದೆ. ಹಳೆ ವಿದ್ಯಾರ್ಥಿಗಳ ಸಂಘಗಳು ಶಾಲೆಗೆ ಏನು ಕೊಡೋಣ ಎಂದು ಯೋಚಿಸುವಾಗ ಇದನ್ನೂ ನೆನೆಸಿಕೊಳ್ಳಲಿ.

ಇದೇ ಮಾತು ಅಪಾರ್ಟ್‌ಮೆಂಟಿನವರಿಗೂ ಸಲ್ಲುತ್ತದೆ. ಕ್ಲಾಂಪ್ ಸ್ಟ್ಯಾಂಡು ಪ್ರತಿ ಮನೆಗೂ ಬೇಡ. ತಿಂಗಳಲ್ಲಿ ಒಂದೋ ಎರಡೋ ಸಲ ಬಳಸುವ ವಸ್ತು ಅದು. ನಾಲ್ಕೈದು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಂಡು ನೆಲಮಾಳಿಗೆಯಲ್ಲಿ ಇಟ್ಟರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರಿಗೆ ಬಾರದ ಕೆಲಸ ಇನ್ನೊಬ್ಬರಿಗೆ ಬರುತ್ತದೆ. ಅಗ್ಗದ ಐದಕ್ಕಿಂತ ಗಟ್ಟಿಯಾದ ಒಂದು ಮೇಲು.

ಕೊಳ್ಳಲು ಹೋಗುವಾಗ ನಿಮ್ಮ ಸೈಕಲ್ಲನ್ನೇ ತುಳಿದುಕೊಂಡು ಅಂಗಡಿಗೆ ಹೋಗಿ. ಜೊತೆಯಲ್ಲಿ ಒಂದು ಅಳತೆಪಟ್ಟಿ ಇರಲಿ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಪೆಡಲ್ ತಿರುಗಿಸಿ ನೋಡಿ, ಹ್ಯಾಂಡಲ್ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ, ಮೊಣಕೈ ಮಟ್ಟ ನೋಡಿ. ನಿಮ್ಮ ಸೈಕಲ್ಲನ್ನು ಏರಿಸಲು ಬಿಡದ ಅಂಗಡಿಯಲ್ಲಿ ಯಾವ ಸ್ಟ್ಯಾಂಡಿಗೂ ದುಡ್ಡು ಕೊಡಬೇಡಿ.